ಬೀದರಿಗೆ ಹೊರಟ ಎರಡು ಚೀಲ

ಹೋದ ವರ್ಷ ದಸರೆ ರಜೆಗೆ ಇನ್ನೂ ಮೂರು ವಾರ ಇರುವಾಗಲೇ ನನ್ನ ಕಿರಿ ಮಗಳು, ನಿಮ್ಮ ಚಿಕ್ಕಮ್ಮ, ನಡುಮನೆಯಲ್ಲಿ ಹಳೆಯ ಜಮಖಾನ ಹಾಸಿ, ಬೈಕಿನ ಪ್ರಯಾಣಕ್ಕೆ ಬೇಕಾದ ಸಾಮಾನನ್ನೆಲ್ಲ ಅದರ ಮೇಲೆ ಹರಡಿಕೊಂಡು ಕೂತಳು. ಗಾಳಿ ಹೊಡೆಯುವ ಪಂಪು, ಪಂಕ್ಚರ್ ಹಾಕುವ ಸಾಮಾನು, ಬಟ್ಟೆಯಲ್ಲಿ ಸುತ್ತಿಟ್ಟ ಸ್ಪ್ಯಾನರುಗಳು, ರೇನ್‌ಕೋಟು, ಕೈಗವಸು, ಮಡಿಸಿದ ಬಟ್ಟೆಗಳು, ಇವುಗಳ ನಡುವೆ ಭತ್ತದ ಮೂಟೆಯಷ್ಟು ದೊಡ್ಡ ಒಂದು ಚೀಲ. ಅವಳು ಹೈಸ್ಕೂಲಿನಲ್ಲಿ ಮಕ್ಕಳಿಗೆ ಆಟ ಕಲಿಸುವ ಟೀಚರ್ ಎಂಬುದು ನಿಮಗೆ ಗೊತ್ತು. ರಜೆ ಬಂದಾಗಲೆಲ್ಲ ಒಬ್ಬಳೇ ಬೈಕಿನಲ್ಲಿ ದೂರದ ಊರುಗಳಿಗೆ ಹೋಗಿ ಬರುವುದೂ ಗೊತ್ತು. ಈ ಸಲ ಬೀದರ್ ಎಂದಳು. ಹೋಗಿ ಬರಲು ಒಂಬತ್ತು ದಿನ.

ನಾನು ಬಾಗಿಲ ಹತ್ತಿರ ಅಲಸಂದೆಕಾಯಿ ಬಿಡಿಸುತ್ತಿದ್ದೆ.

"ಅಷ್ಟು ದೊಡ್ಡ ಚೀಲನ ಎಲ್ಲಿ ಕಟ್ತೀಯ?" ಎಂದೆ.

"ಹಿಂದಿನ ಸೀಟ್ ಮ್ಯಾಲೆ."

"ಅದನ್ನ ಅಲ್ಲಿ ಕಟ್ಟದೆ ಇದ್ರೆ?"

"ಕಟ್ಟದೆ ಇದ್ರೆ ಸೀಟು ಖಾಲಿ ಇರ್ತದೆ. ಯಾಕವ್ವ?"

"ಸುಮ್ಕೆ ಕೇಳ್ದೆ."

ಕಾಯಿ ಬಿಡಿಸಿ ಮುಗಿಯಿತು. ಒಳಗೆ ಹೋಗಿ ಟೀ ಮಾಡಿಕೊಂಡು ಬಂದೆ. ಅವಳ ಕೈಗೆ ಲೋಟ ಕೊಡುತ್ತಾ, "ಎರಡೂ ಪಕ್ಕಕ್ಕೆ ಒಂದೊಂದು ಸಣ್ಣ ಚೀಲ ತೂಗಾಕಿದ್ರೆ ಸೀಟು ಉಳೀತದಲ್ವಾ" ಎಂದೆ.

"ಉಳೀತದೆ. ಉಳಿಸ್ಕೊಂಡು ಯಾರ್ನ ಕೂರಿಸ್ಕೊಳ್ಳಲಿ?"

ನಾನು ಜಮಖಾನದ ಅಂಚು ಸರಿಮಾಡಿದೆ. ಅದು ಸರಿಯಾಗಿಯೇ ಇತ್ತು. ಅವಳು ಟೀ ಕುಡಿಯುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು.

"ಅವ್ವ, ನೀನು ಬತ್ತೀಯಾ?"

"ನಿಂಗೆ ತೊಂದ್ರೆ ಆಗದಂಗಿದ್ರೆ" ಎಂದೆ.

ನನ್ನ ಅರವತ್ತಮೂರು ವರ್ಷದಲ್ಲಿ ಬೇಕಾದ್ದನ್ನು ನಾನು ಹೀಗೇ ಕೇಳಿದ್ದೇನೆ, ಬಳಸಿಕೊಂಡು. ಎಷ್ಟೋ ಸಲ ಕೇಳಿದೆನೆಂಬುದೇ ಎದುರಿನವರಿಗೆ ಗೊತ್ತಾಗುತ್ತಿರಲಿಲ್ಲ. ಆವತ್ತು ಗೊತ್ತಾಯಿತು. ಅವಳು ನಗಲಿಲ್ಲ, ಬೇಡ ಎನ್ನಲೂ ಇಲ್ಲ. ಶಾಲೆಯಲ್ಲಿ ಆಟದ ನಿಯಮ ಹೇಳುವ ದನಿಯಲ್ಲಿ ಹೇಳಿದಳು. ಒಬ್ಬೊಬ್ಬರಿಗೆ ಆರು ಕೆಜಿ ಸಾಮಾನು, ಅದಕ್ಕಿಂತ ಒಂದು ಚೂರೂ ಹೆಚ್ಚಿಲ್ಲ. ಸೀರೆ ಉಟ್ಟುಕೊಂಡು ಬೈಕ್ ಹತ್ತುವಂತಿಲ್ಲ.

"ಇನ್ನೊಂದು ಮಾತು. ಹೊರಡೋ ಹಿಂದಿನ ಭಾನುವಾರ ಎಲ್ಲಾ ಲಗೇಜು ಕಟ್ಕಂಡು ರಾಮನಗರ, ಮಾಗಡಿ ಮ್ಯಾಲೆ ಕುದೂರ್ಗೆ ಹೋಗ್ಬುಟ್ಟು ಬರಣ. ಬೀದರ್‌ಗೂ ಅದೇ ದಾರಿ. ಗಾಡಿ ನೆಟ್ಗೆ ಓಡಿದ್ರೆ ನೀನು ಬತ್ತೀಯ. ಇಲ್ಲಾಂದ್ರೆ ಈ ಸಲಕ್ಕೆ ಬೇಡ. ಬೇಜಾರ್ ಮಾಡ್ಕಬಾರ್ದು."

"ಹೂಂ" ಎಂದೆ. ಒಳಗೊಳಗೇ ನಗು ಬಂತು. ಬೈಕಿಗೆ ಹೊರೆ ಕಟ್ಟುವುದನ್ನು ನನಗೆ ಯಾರು ಹೇಳಿಕೊಡಬೇಕು?

ನೀವು ಹುಟ್ಟುವ ಮುಂಚೆಯಿಂದ ನಮ್ಮ ಮನೆಯಲ್ಲಿ ರೇಷ್ಮೆಹುಳ ಸಾಕುತ್ತಿದ್ದೆವು. ಗೂಡು ಬಿಡಿಸಿದ ಮೇಲೆ ನಿಮ್ಮ ತಾತ ಅದನ್ನು ಬೈಕಿನಲ್ಲಿ ರಾಮನಗರದ ಗೂಡಿನ ಮಾರುಕಟ್ಟೆಗೆ ಒಯ್ಯುತ್ತಿದ್ದರು. ಓಡಿಸುವುದು ಅವರು, ಕಟ್ಟುವುದು ನಾನು. ಗೂಡನ್ನು ಒತ್ತಿ ತುಂಬಬಾರದು. ಒಳಗೆ ಹುಳಕ್ಕೆ ಇನ್ನೂ ಜೀವ ಇರುತ್ತದೆ. ಒತ್ತಿದರೆ ಜಜ್ಜಿಹೋಗಿ ಗೂಡಿಗೆ ಕರೆ ಹಿಡಿಯುತ್ತದೆ, ಗಾಳಿಯಾಡದಿದ್ದರೆ ಕಾವು ಹೆಚ್ಚಿ ಕೆಡುತ್ತದೆ. ಅದಕ್ಕೇ ಬಲೆಯಂಥ ಚೀಲ, ಸಡಿಲವಾಗಿ ತುಂಬಿ, ಬಾಯಿಯ ಹತ್ತಿರ ಒಂದು ಗೇಣು ಖಾಲಿ ಬಿಟ್ಟು ಕಟ್ಟುತ್ತಿದ್ದೆ. ಕಟ್ಟಲು ಹಗ್ಗವಲ್ಲ, ಉದ್ದಕ್ಕೆ ಸೀಳಿದ ಸೈಕಲ್ ಟ್ಯೂಬು. ಚಕ್ರ ಗುಂಡಿಗೆ ಇಳಿದಾಗ ಅದು ಸ್ವಲ್ಪ ಹಿಗ್ಗಿ ಮತ್ತೆ ಕುಗ್ಗುತ್ತದೆ, ಗೂಡಿಗೆ ಪೆಟ್ಟಾಗುವುದಿಲ್ಲ. ನಾನು ಕಟ್ಟಿದ ಹೊರೆಯಲ್ಲಿ ಜಜ್ಜಿದ ಗೂಡು ಸಿಕ್ಕಿತೆಂದು ಗೂಡು ಕೊಂಡು ನೂಲು ತೆಗೆಯುವ ಒಬ್ಬ ರೀಲರೂ ಹೇಳಿದ್ದಿಲ್ಲ. ಆ ಬೈಕಿನ ಹಿಂದೆ ನಾನು ಕೂತದ್ದು ಕಡಿಮೆ. ಗೂಡಿನ ದಿನ ಜಾಗ ಗೂಡಿಗೆ, ಉಳಿದ ದಿನ ಹಿಪ್ಪುನೇರಳೆ ಸೊಪ್ಪಿಗೆ. ನಾನು ಬಸ್ಸಿಗೆ ಹೋಗುತ್ತಿದ್ದೆ. ಆಗ ಎಲ್ಲರ ಮನೆಯಲ್ಲೂ ಹಾಗೇ ಇತ್ತು, ಅದರಲ್ಲಿ ಕೊರಗುವಂಥದ್ದೇನೂ ಇರಲಿಲ್ಲ. ತಾತ ತೀರಿಕೊಂಡು ಆರು ವರ್ಷವಾಯಿತು. ಈಗ ಹುಳದ ಮನೆಯನ್ನು ನನ್ನ ಮೈದುನ ಮತ್ತು ಅವನ ಹೆಂಡತಿ ನೋಡಿಕೊಳ್ಳುತ್ತಾರೆ.

ಆರು ಕೆಜಿ ಎಂದಾಗ ನನಗೆ ಅದು ಬಹಳ ಎನ್ನಿಸಿತ್ತು. ಆರು ಕೆಜಿ ಗೂಡೆಂದರೆ ಒಂದು ದೊಡ್ಡ ಚೀಲ. ಆ ಕಣ್ಣಿನಿಂದಲೇ ನಾನು ನನ್ನ ಸಾಮಾನು ಜೋಡಿಸಿದೆ. ಮೂರು ಸೀರೆ, ಅವಕ್ಕೆ ಬೇಕಾದ್ದು, ಒಂದು ಕಂಬಳಿ, ಕೋಡುಬಳೆ ತುಂಬಿದ ಸ್ಟೀಲ್ ಡಬ್ಬ, ಮಾವಿನಕಾಯಿ ಉಪ್ಪಿನಕಾಯಿಯ ಭರಣಿ, ರಾಗಿಹಿಟ್ಟು, ಒಂದು ತಪ್ಪಲೆ, ಎರಡು ತಟ್ಟೆ, ಬಿಸಿನೀರಿನ ಫ್ಲಾಸ್ಕು. ನಿಮ್ಮ ಚಿಕ್ಕಮ್ಮ ಹುಳದ ಮನೆಯಿಂದ ಕೊಕ್ಕೆಯ ತಕ್ಕಡಿ ತಂದು ಜಂತೆಗೆ ನೇತುಹಾಕಿದಳು. ಮುಳ್ಳು ಹತ್ತೊಂಬತ್ತರ ಹತ್ತಿರ ಹೋಗಿ ನಿಂತಿತು.

"ತಕ್ಕಡಿ ಕೆಟ್ಟೈತೆ ಕಣೆ" ಎಂದೆ.

"ತಕ್ಕಡಿ ನೆಟ್ಗೈತೆ. ತಪ್ಪಲೆ ಯಾಕವ್ವ? ಬೀದರ್‌ನಾಗೆ ಅಡಿಗೆ ಮಾಡ್ತೀಯ?"

"ದಾರೀಲಿ ಹಸಿವಾದ್ರೆ?"

"ದಾರೀಲಿ ಹೋಟ್ಲು ಐತೆ."

ಅವಳು ಮೂರು ರಾಶಿ ಮಾಡಿಸಿದಳು. ಬೇಕೇ ಬೇಕು ಎನ್ನುವುದು ಒಂದು ಕಡೆ, ಇದ್ದರೆ ಒಳ್ಳೆಯದು ಎನ್ನುವುದು ಇನ್ನೊಂದು ಕಡೆ, ಹೋದ ಕಡೆ ಸಿಗುತ್ತದೆ ಎನ್ನುವುದು ಮತ್ತೊಂದು ಕಡೆ. ನಾನು ಬಹಳ ಯೋಚನೆ ಮಾಡಿ ಹೆಚ್ಚಿನದನ್ನೆಲ್ಲ ನಡುವಿನ ರಾಶಿಗೆ ಹಾಕಿದೆ. ನಾನು ಹಾಕಿ ಮುಗಿಸಿದ ಮೇಲೆ ಅವಳು ಆ ರಾಶಿಯನ್ನೇ ಎರಡೂ ಕೈಯಲ್ಲಿ ಬಾಚಿ ಮಂಚದ ಮೇಲೆ ಹಾಕಿಬಿಟ್ಟಳು. ಇದ್ದರೆ ಒಳ್ಳೆಯದು ಎನ್ನುವುದೇ ಭಾರವಂತೆ, ಬೇಕೇ ಬೇಕಾದ್ದು ಯಾವತ್ತೂ ಹಗುರವಂತೆ. ಹಿಂದಿನ ಪ್ರಯಾಣಗಳಲ್ಲಿ ಅವಳು ಕಲಿತದ್ದು ಅದು. ಮೊದಲ ಸಲ ಹೋಗುವಾಗ ನಾಲ್ಕು ಜೊತೆ ಚಪ್ಪಲಿ ಒಯ್ದಿದ್ದಳು ಎಂದು ಆವತ್ತೇ ನನಗೆ ತಿಳಿದದ್ದು.

ಕೊನೆಗೆ ಉಳಿದದ್ದು ಇಷ್ಟು: ರಾತ್ರಿ ಒಗೆದರೆ ಬೆಳಿಗ್ಗೆಗೆ ಒಣಗುವಂಥ ಎರಡು ಜೊತೆ ಬಟ್ಟೆ, ಒಳಬಟ್ಟೆ, ಒಂದು ಸ್ವೆಟರ್, ಹೊದೆಯಲೂ ಸುತ್ತಿ ತಲೆದಿಂಬು ಮಾಡಲೂ ಆಗುವ ಒಂದು ಶಾಲು, ಬಿ.ಪಿ. ಮಾತ್ರೆ, ಕನ್ನಡಕ, ಇಬ್ಬರಿಗೂ ಸೇರಿ ಒಂದೇ ಬಾಚಣಿಗೆ, ಒಂದೇ ಪೇಸ್ಟು. ನೂಲಿನ ಸೀರೆಯೇ ಮೈಗೆ ಹಿತ ಎಂದು ನಾನು ವಾದಿಸಿದೆ. "ಹಿತ ಹೌದು, ಒದ್ದೆಯಾದ್ರೆ ಎರಡು ದಿನ ಒಣಗಲ್ಲ" ಎಂದಳು. ನಾನು ಗೆದ್ದದ್ದು ಒಂದು ವಿಷಯದಲ್ಲಿ. ಕೋಡುಬಳೆಯ ಡಬ್ಬ ಹೋದರೆ ಹೋಗಲಿ, ರಾಗಿ ಹುರಿಹಿಟ್ಟು ಒಂದು ಪೊಟ್ಟಣ ಇರಲಿ ಎಂದೆ. ನೀರು, ಬೆಲ್ಲ ಸಿಕ್ಕರೆ ಸಾಕು, ಒಲೆ ಬೇಡ. ಅವಳು ಪೊಟ್ಟಣವನ್ನು ಅಂಗೈಯಲ್ಲಿ ತೂಗಿ ನೋಡಿ ಬೇಕೇ ಬೇಕು ಎನ್ನುವ ಕಡೆ ಇಟ್ಟಳು.

ಚೀಲ ಹೊಲಿಸಲು ರಾಮನಗರದಲ್ಲಿ ಬೈಕಿನ ಸೀಟ್ ಕವರ್ ಹೊಲಿಯುವ ಸಾಬರ ಅಂಗಡಿಗೆ ಹೋದೆವು. ತಾತನ ಬೈಕಿಗೂ ಅವರೇ ಹೊಲಿದಿದ್ದರು. ನೀರು ಇಳಿಯದ ದಪ್ಪ ಬಟ್ಟೆ, ಬಕಲ್ ಹಾಕಿದ ಪಟ್ಟಿ, ಎರಡು ಚೀಲವನ್ನೂ ಸೀಟಿನ ಮೇಲಿಂದ ಹಾದುಹೋಗುವ ಒಂದು ಅಗಲ ಪಟ್ಟಿ ಹಿಡಿದುಕೊಂಡಿರಬೇಕು. ಅವರು ಟೇಪಿನಲ್ಲಿ ಅಳೆಯುವಾಗ ನಾನು ಮೆಲ್ಲಗೆ, "ಒಸಿ ದೊಡ್ಡದಾಗೇ ಇರ್ಲಿ ಸಾಬ್ರೆ" ಎಂದೆ.

"ಬೇಡಮ್ಮ. ದೊಡ್ಡದು ಹೊಲಿದ್ರೆ ಅದು ತುಂಬೋವರ್ಗೂ ನಿಮಗೆ ಸಮಾಧಾನ ಇರಲ್ಲ. ನಮ್ಮ ಅಮ್ಮೀದೂ ಅದೇ ಕತೆ. ದರ್ಗಾಕ್ಕೆ ಹೋಗ್ತೀನಿ ಅಂತ ಮೂರು ದಿನಕ್ಕೆ ಹೊರಟ್ರೆ ಮಿಕ್ಸಿ ಒಂದು ಬಿಟ್ಟು ಎಲ್ಲಾ ತಗೊಂಡ್ರು."

"ಮಿಕ್ಸಿ ಯಾಕೆ ಬುಟ್ರು?" ಎಂದಳು ನಿಮ್ಮ ಚಿಕ್ಕಮ್ಮ.

"ಬ್ಯಾಗ್ ಬಾಯಿ ಸಣ್ಣದಾಗಿತ್ತು, ಹೋಗಲಿಲ್ಲ. ಅದೂ ನಾನೇ ಹೊಲಿದಿದ್ದೆ."

ಅವರು ಚೀಲವನ್ನು ನಾನು ಕೇಳಿದ್ದಕ್ಕಿಂತ ಒಂದು ಗೇಣು ಸಣ್ಣದಾಗಿಯೇ ಹೊಲಿದರು.

ಹೆಲ್ಮೆಟ್ಟು ಚನ್ನಪಟ್ಟಣದಲ್ಲಿ ತೆಗೆದುಕೊಂಡೆವು. ತುರುಬಿನ ಮೇಲೆ ಅದು ಕೂರಲಿಲ್ಲ, ಜಡೆ ಹಾಕಿ ಕೆಳಗೆ ಬಿಡಬೇಕಾಯಿತು. ಮುಖವನ್ನೆಲ್ಲ ಮುಚ್ಚುವಂಥದ್ದು, ಹಾಕಿಕೊಂಡರೆ ಬಾವಿಯೊಳಗೆ ತಲೆ ಬಗ್ಗಿಸಿದ ಹಾಗೆ ಆಗುತ್ತಿತ್ತು. ಮನೆಯಲ್ಲೇ ದಿನಾ ಅರ್ಧ ಗಂಟೆ ಹಾಕಿಕೊಂಡು ರೂಢಿ ಮಾಡಿಕೋ ಎಂದು ಮಗಳು ಹೇಳಿದ್ದಳು. ಹಾಗೆ ಒಂದು ದಿನ ಹಾಕಿಕೊಂಡು ಮೊರದಲ್ಲಿ ರಾಗಿ ಕೇರುತ್ತಿರುವಾಗ ನನ್ನ ಓರಗಿತ್ತಿ ಬಂದಳು. ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿದಳು.

"ಅಕ್ಕಯ್ಯ, ಮನೆ ಒಳಗೂ ಪೊಲೀಸ್ನೋರು ಹಿಡಿತಾರಾ?"

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಕನಕಪುರದಿಂದ ನಿಮ್ಮಮ್ಮನ ಫೋನೂ ಬಂತು. "ಅವ್ವನ ಸೊಂಟ ಏನಾಗ್ಬೇಕು? ನಿಂಗೆ ಬುದ್ಧಿ ಐತಾ?" ಎಂದು ತಂಗಿಯನ್ನು ಬೈದಳು. ತಂಗಿ, "ಭಾನುವಾರ ಆಗ್ಲಿ, ನೋಡ್ತೀನಿ. ಸರಿಯಿಲ್ಲ ಅನ್ಸಿದ್ರೆ ನಾನೇ ಬುಟ್ಟೋಯ್ತೀನಿ" ಎಂದಳು. ಆ ಮಾತು ಕೇಳಿದ ಮೇಲೆ ನನ್ನ ನಗು ಸ್ವಲ್ಪ ಕಡಿಮೆಯಾಯಿತು. ಬಿಟ್ಟು ಹೋಗಲೂಬಹುದು ಎನ್ನುವುದು ಆಗ ಮನಸ್ಸಿಗೆ ಬಂತು.

ಭಾನುವಾರ ಬೆಳಿಗ್ಗೆ ಅವಳು ಬೈಕಿಗೆ ಎಣ್ಣೆ, ಗಾಳಿ ನೋಡುತ್ತಿರುವಾಗ ಚೀಲಗಳನ್ನು ನಾನೇ ತುಂಬಿದೆ, ನಾನೇ ಕಟ್ಟಿದೆ. ಸಾಬರು ಹಾಕಿದ ಬಕಲ್ ಪಟ್ಟಿಗಳ ಮೇಲೆ ನನಗೆ ನಂಬಿಕೆ ಬರಲಿಲ್ಲ. ಅವನ್ನು ಸುಮ್ಮನೆ ಸಿಕ್ಕಿಸಿ, ಮೇಲಿಂದ ಸೈಕಲ್ ಟ್ಯೂಬು ಸುತ್ತಿ ನನ್ನ ಗಂಟು ಹಾಕಿದೆ. ಅವಳು ಒಮ್ಮೆ ನೋಡಿ, "ಗಟ್ಟಿ ಐತಾ?" ಎಂದಳು. "ನಂಗೆ ಹೇಳ್ತೀಯಾ?" ಎಂದೆ. ಮೂವತ್ತು ವರ್ಷ ನಾನು ಕಟ್ಟುವುದನ್ನು ಅವಳೂ ನೋಡಿದ್ದವಳೇ. ಮತ್ತೆ ಕೇಳಲಿಲ್ಲ.

ಬಟ್ಟೆಯ ಕತೆ ಬೇರೆ. ಪ್ಯಾಂಟು, ಮೊಣಕಾಲವರೆಗಿನ ಕುರ್ತಾ, ಅದರ ಮೇಲೆ ಅವಳ ಹಳೆಯ ಜಾಕೆಟ್ಟು ಹಾಕಿಕೊಂಡೆ. ಹೊಸ್ತಿಲವರೆಗೆ ಬಂದು ಕಾಲು ಮುಂದೆ ಹೋಗಲಿಲ್ಲ. ಬೀದಿಯಲ್ಲಿ ಹಾಲು ಹಾಕಲು ಹೋಗುವವರೆಲ್ಲ ಇದ್ದರು. ಒಳಗೆ ಹೋಗಿ ಜಾಕೆಟ್ಟು ಬಿಚ್ಚಿ, ಅದೇ ಬಟ್ಟೆಯ ಮೇಲೆ ಒಂದು ಸೀರೆ ಸುತ್ತಿಕೊಂಡು ಬಂದೆ. ಮಗಳು ತಲೆಯಿಂದ ಕಾಲಿನವರೆಗೆ ನೋಡಿದಳು.

"ಊರು ದಾಟೋವರ್ಗೆ" ಎಂದೆ.

"ದೊಡ್ಡಮಳೂರ್‌ವರ್ಗೆ ಅಷ್ಟೆ. ಒಂದು ಕಡೆಗೇ ಕೂತ್ಕೊ, ಸೆರಗು ಬಿಗಿಯಾಗಿ ಹಿಡ್ಕೊ. ಆಮೆ ನಡ್ದಂಗೆ ಓಡಿಸ್ತೀನಿ."

ದೊಡ್ಡಮಳೂರಿನ ಗುಡಿಯ ಮುಂದೆ ಅವಳು ನಿಲ್ಲಿಸಿದಳು. ಹೂ ಮಾರುವವಳ ಎದುರಿಗೇ ನಾನು ಸೀರೆ ಬಿಚ್ಚಿ ಜಾಕೆಟ್ಟು ತೊಟ್ಟೆ. ಅವಳು ತಲೆಯೆತ್ತಲಿಲ್ಲ, ಹೂ ಕಟ್ಟುತ್ತಲೇ ಇದ್ದಳು. ಸೀರೆಯನ್ನು ಅವಸರದಲ್ಲಿ ಮಡಿಸಿ ಬಲಗಡೆಯ ಚೀಲದ ಬಾಯಿಗೆ ತುರುಕಿದೆ. ರೂಢಿಯಂತೆ ಬಾಯಲ್ಲಿ ಒಂದು ಗೇಣು ಜಾಗ ಬಿಟ್ಟಿದ್ದೆನಲ್ಲ, ಸಲೀಸಾಗಿ ಹೋಯಿತು. ದೇವರಿಗೆ ಅಲ್ಲಿಂದಲೇ ಕೈಮುಗಿದು, ಎರಡೂ ಕಡೆ ಕಾಲು ಹಾಕಿ ಕೂತೆ. ಹಾಗೆ ಕೂತದ್ದು ಅದೇ ಮೊದಲು. ಚನ್ನಪಟ್ಟಣ ದಾಟುವುದರೊಳಗೆ, ಒಂದು ಕಡೆಗೆ ಕೂರುವುದಕ್ಕಿಂತ ಇದೇ ಸುಖ ಎಂದು ಗೊತ್ತಾಯಿತು.

ರಾಮನಗರದವರೆಗೆ ಏನೂ ಆಗಲಿಲ್ಲ. ಅಲ್ಲಿಂದ ಮಾಗಡಿಯ ಕಡೆ ತಿರುಗಿ, ತಿರುವುಗಳು ಶುರುವಾದ ಮೇಲೆ ಬೈಕು ಬಲಕ್ಕೆ ವಾಲುತ್ತಿದೆ ಎನ್ನಿಸಿತು. ನಾನು ಎಡಕ್ಕೆ ಭಾರ ಹಾಕಿದೆ. "ಅವ್ವ, ಅಲ್ಲಾಡ್ಬೇಡ" ಎಂದಳು. ಇನ್ನೊಂದು ತಿರುವಿನಲ್ಲಿ ಸುಟ್ಟ ವಾಸನೆ ಬಂತು. ಅವಳು ತಟಕ್ಕನೆ ಪಕ್ಕಕ್ಕೆ ತೆಗೆದು ನಿಲ್ಲಿಸಿದಳು.

ಇಳಿದು ನೋಡಿದರೆ, ಬಲಗಡೆಯ ಚೀಲ ಜಾರಿ ಸೈಲೆನ್ಸರಿಗೆ ತಾಗಿತ್ತು. ಟ್ಯೂಬು ಪ್ರತಿ ತಿರುವಿನಲ್ಲೂ ಹಿಗ್ಗಿ, ಒಳಗಿನ ಸಾಮಾನು ಖಾಲಿ ಜಾಗಕ್ಕೆಲ್ಲ ಹೊರಳಿ, ಭಾರವೆಲ್ಲ ಒಂದು ಮೂಲೆಗೆ ಸೇರಿತ್ತು. ಚೀಲದ ಕೆಳಗೆ ಒಂದು ರೂಪಾಯಿಯಗಲ ಕರಗಿಹೋಗಿತ್ತು. ಅದಕ್ಕಿಂತ ಹೆಚ್ಚಾಗಿ, ಬಾಯಿಯಿಂದ ಸೀರೆಯ ಸೆರಗು ಹೊರಗೆ ಬಂದು ಚಕ್ರದ ಕಡೆ ಇಳಿಬಿದ್ದಿತ್ತು. ಕಡ್ಡಿಗಳಿಗೆ ನಾಲ್ಕು ಬೆರಳಷ್ಟು ದೂರ.

ಮಗಳು ಆ ಸೆರಗನ್ನು ಹಿಡಿದುಕೊಂಡು ನಿಂತಳು.

"ಬೇಡ ಬುಡವ್ವ" ಎಂದಳು. "ವಾಪಸ್ ಹೋಗಣ."

ಸೀರೆ ನನ್ನದು, ಗಂಟು ನನ್ನದು. ರಸ್ತೆಯ ಪಕ್ಕದ ಮೋರಿಯ ಕಟ್ಟೆಯ ಮೇಲೆ ಕೂತೆ. ಬೀದರಿಗೆ ಹೋಗದಿದ್ದರೆ ಯಾರ ಕೆಲಸವೂ ನಿಲ್ಲುವುದಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಅದು ನಿಜವೇ ಆಗಿತ್ತು. ಆದರೂ ಎದ್ದು ಬೈಕು ಹತ್ತಲಿಲ್ಲ.

ಅಷ್ಟರಲ್ಲಿ ಮಾಗಡಿಯ ಕಡೆಯಿಂದ ಒಬ್ಬ ರೈತ ಮೊಪೆಡ್ಡಿನ ಮೇಲೆ ಗೂಡಿನ ಚೀಲಗಳನ್ನು ಕಟ್ಟಿಕೊಂಡು ಬಂದವನು, ಇಬ್ಬರು ಹೆಂಗಸರು ನಿಂತಿರುವುದನ್ನು ನೋಡಿ ನಿಲ್ಲಿಸಿದ.

"ಏನಾಯ್ತವ್ವ, ಪಂಚರಾ?"

"ಇಲ್ಲಣ್ಣ, ಲಗೇಜು ಜಾರ್ತು" ಎಂದಳು ಮಗಳು.

ಅವನು ಇಳಿದು ಬೈಕಿನ ಸುತ್ತ ಒಂದು ಸುತ್ತು ಬಂದ. ಚೀಲಕ್ಕೆ ಬೆರಳು ಒತ್ತಿದ, ಬೆರಳು ಒಳಕ್ಕೆ ಹೋಯಿತು. ಟ್ಯೂಬಿನ ಗಂಟನ್ನು ಮುಟ್ಟಿ ನೋಡಿದ.

"ಯಾರ್ ಕಟ್ಟಿದ್ದು ಇದ್ನ?"

ಮಗಳು ನನ್ನ ಕಡೆ ನೋಡಿದಳು. ನಾನು ರಸ್ತೆಯ ಕಡೆ ನೋಡಿದೆ.

"ನಾನೇ" ಎಂದೆ.

"ಗೂಡಿನ ಮನೆಯೋರಾ ನೀವು?"

"ಹೂಂ."

"ಗಂಟು ನೋಡ್ತಿದ್ದಂಗೇ ಅಂದ್ಕಂಡೆ. ಒಳಗೇನೈತಕ್ಕ, ಗೂಡಾ?"

"ಬಟ್ಟೆ."

"ಬಟ್ಟೆಗ್ಯಾಕಕ್ಕ ಉಸ್ರಾಡಕ್ಕೆ ಜಾಗ ಬುಟ್ಟಿದ್ದೀಯ? ಬುಡದಿದ್ರೆ ಸತ್ತೋಗ್ಬುಡ್ತದಾ?"

ಅಷ್ಟು ಹೊತ್ತು ಮುಖ ಬಿಗಿದುಕೊಂಡಿದ್ದ ಮಗಳು ನಕ್ಕಳು. ನನಗೂ ನಗು ಬಂತು. ಬಾಯಿ ಮುಚ್ಚಿಕೊಳ್ಳಲು ಸೆರಗಿಗೆ ಕೈ ಹೋಯಿತು, ಸೆರಗೇ ಇರಲಿಲ್ಲ. ಹಾಗೇ ನಕ್ಕೆ.

"ನಮ್ಮನೆಯೋಳೂ ಹಿಂಗೇ" ಎಂದ ಅವನು. "ಗ್ಯಾಸ್ ಸಿಲಿಂಡರ್ ಕಟ್ಕೊಡು ಅಂದ್ರೂ ಗೂಡು ಕಟ್ಟಿದಂಗೇ ಕಟ್ತಾಳೆ. ಇದು ಭಾರದ್ದು ಅಕ್ಕ, ಅಮುಕಿ ಕಟ್ಬೇಕು. ಮಿಸುಕಾಡ್ಬಾರ್ದು. ಬತ್ತೀನಿ, ಮಾರ್ಕೆಟ್‌ಗೆ ಹೊತ್ತಾಯ್ತದೆ."

ಅವನು ಹೋದ ಮೇಲೆ ನಾನು ಮಗಳಿಗೆ, "ಇನ್ನೊಂದ್ಸಲ ಕಟ್ತೀನಿ. ಆಮೇಲೆ ನೀನು ಹೇಳ್ದಂಗೆ ಕೇಳ್ತೀನಿ" ಎಂದೆ. ಬಳಸಿ ಹೇಳಲು ಹೊತ್ತಿರಲಿಲ್ಲ.

ಅವಳು ಕಟ್ಟೆಯ ಮೇಲೆ ಕೂತು, ಹೇಗೆ ಎಂದು ಹೇಳಿದಳು. ನಾನು ಮಾಡಿದೆ. ಒಂದೊಂದು ಬಟ್ಟೆಯನ್ನೂ ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಬೇಕು. ಸ್ಪ್ಯಾನರು, ಪಂಪು, ಹುರಿಹಿಟ್ಟು, ಭಾರದ್ದೆಲ್ಲ ತಳಕ್ಕೆ ಹೋಗಬೇಕು. ಬಟ್ಟೆ ಮೇಲೆ, ರೇನ್‌ಕೋಟು ಎಲ್ಲದಕ್ಕಿಂತ ಮೇಲೆ, ಮಳೆ ಬಂದರೆ ಹುಡುಕುವಂತಿರಬಾರದು. ಅಮುಕುವುದು ಕೈಗೆ ಕಷ್ಟವಾಯಿತು, ಶಕ್ತಿ ಸಾಲದೆ ಅಲ್ಲ. ಕೈಯೇ ಹಿಂಜರಿಯುತ್ತಿತ್ತು. ಕೊನೆಗೆ ಚೀಲದ ಮೇಲೆ ಮೊಣಕಾಲೂರಿ ಅದುಮಿದೆ. ಅದರ ಒಳಗಿದ್ದ ಗಾಳಿಯೆಲ್ಲ ಬುಸ್ಸೆಂದು ಹೊರಗೆ ಬಂತು. ಸಾಬರ ಬಕಲ್‌ಗಳನ್ನು ಎಳೆದು ಬಿಗಿದೆ. ಟ್ಯೂಬನ್ನು ಬಿಚ್ಚಿಟ್ಟೆ.

ಎರಡು ಕಡೆಯ ತೂಕ ಒಂದೇ ಇರಬೇಕು, ತಕ್ಕಡಿ ಇಲ್ಲವಲ್ಲ ಎಂದು ಅವಳು ಹೇಳಿದಳು. ಎರಡೂ ಚೀಲವನ್ನು ಒಂದೊಂದು ಕೈಯಲ್ಲಿ ಎತ್ತಿ ಹಿಡಿದೆ. ಎಡಗಡೆಯದು ಭಾರ. ಸ್ಪ್ಯಾನರಿನ ಸುತ್ತನ್ನು ಅದರಿಂದ ತೆಗೆದು ಬಲಗಡೆಗೆ ಹಾಕಿದೆ, ಪಂಪನ್ನು ಎಡಕ್ಕೆ. ಮತ್ತೆ ಎತ್ತಿದೆ. ಸರಿಹೋಯಿತು.

ಸೀರೆ, ಟ್ಯೂಬು, ಮಗಳ ಕಣ್ಣು ತಪ್ಪಿಸಿ ತಂದಿದ್ದ ಒಂದು ಸಣ್ಣ ಉಪ್ಪಿನಕಾಯಿ ಬಾಟಲಿ, ಇಷ್ಟು ಹೊರಗೆ ಉಳಿಯಿತು. ಸ್ವಲ್ಪ ಮುಂದೆ ಎಳನೀರು ಮಾರುತ್ತಿದ್ದ ಹೆಂಗಸಿನ ಹತ್ತಿರ ಎಳನೀರು ಕುಡಿದು, ಬರುವಾಗ ತೆಗೆದುಕೊಳ್ಳುತ್ತೇವೆ ಎಂದು ಆ ಗಂಟನ್ನು ಕೊಟ್ಟೆವು. ಅವಳು ಅದನ್ನು ತಿರುಗಿಸಿ ನೋಡಿ, "ಉಪ್ಪಿನಕಾಯಿ ಇಲ್ದೆ ಹೆಂಗಕ್ಕ ಊಟ ಮಾಡ್ತೀಯ?" ಎಂದಳು. "ನೀನು ಒಸಿ ಹಾಕ್ಕೊ" ಎಂದೆ.

ಹತ್ತುವ ಮೊದಲು ಮಗಳು ಜೇಬಿನಿಂದ ಸೀಮೆಸುಣ್ಣ ತೆಗೆದಳು. ಆಟದ ಟೀಚರಿನ ಜೇಬಿನಲ್ಲಿ ಅದು ಯಾವಾಗಲೂ ಇರುತ್ತದೆ. ಚೀಲದ ಅಂಚು ಬೈಕಿಗೆ ತಾಗುವ ಕಡೆ, ಎರಡೂ ಪಕ್ಕದಲ್ಲಿ ಒಂದೊಂದು ಗೆರೆ ಎಳೆದಳು.

"ಕುದೂರ್‌ನಾಗೆ ನೋಡ್ತೀನಿ. ಗೆರೆಯಿಂದ ಒಂದು ಬೆರಳು ಜರುಗಿದ್ರೂ ಮುಗೀತು. ಸರೀನಾ?"

"ಸರಿ."

ಮಾಗಡಿ ಬಂತು, ಹೋಯಿತು. ನಾನು ಏನನ್ನೂ ನೋಡಲಿಲ್ಲ. ತಿರುವು ಬಂದಾಗಲೆಲ್ಲ ಅವಳು ವಾಲಿದ ಕಡೆಗೇ ವಾಲಿದೆ, ಬೇರೆ ಯೋಚನೆ ಮಾಡಲಿಲ್ಲ. ಬೇಕೆಂದೇ ಅವಳು ಗುಂಡಿ ಬಿದ್ದ ರಸ್ತೆ ಹುಡುಕಿ ಅಲ್ಲೊಂದು ಮೈಲಿ ಓಡಿಸಿದಳು. ಕುದೂರಿನ ಬಸ್‌ ನಿಲ್ದಾಣದ ಹತ್ತಿರ ಒಂದು ಹೋಟೆಲಿನ ಮುಂದೆ ನಿಲ್ಲಿಸಿ, ಹೆಲ್ಮೆಟ್ಟು ತೆಗೆದು, ಮೊದಲು ಎಡಗಡೆ ಬಗ್ಗಿದಳು. ಗೆರೆಯ ಮೇಲೇ ಅಂಚಿತ್ತು. ಬಲಗಡೆ ಬಂದಳು. ಸೀಮೆಸುಣ್ಣದ ಬಿಳಿ ಸ್ವಲ್ಪ ಕಾಣುತ್ತಿತ್ತು. ಅವಳು ತೋರು ಬೆರಳನ್ನು ಅಲ್ಲಿಟ್ಟು ಅಳೆದಳು. ನಾನು ಹೆಲ್ಮೆಟ್ಟಿನ ಒಳಗೇ ನಿಂತಿದ್ದೆ.

"ಬೆರಳು ಹಿಡಿಯಲ್ಲ" ಎಂದಳು. "ಉಗುರಷ್ಟು."

"ಉಗುರಷ್ಟು ಆಯ್ತದಾ?"

"ನನ್ನ ಕಟ್ಟು ಇದ್ಕಿಂತ ಜಾಸ್ತಿ ಜರುಗ್ತದೆ ಕಣವ್ವ. ತೆಗಿ ಹೆಲ್ಮೆಟ್ಟು, ಇಡ್ಲಿ ತಿನ್ನಣ."

ಇಡ್ಲಿ ಬರುವ ಮುಂಚೆಯೇ ನಿಮ್ಮಮ್ಮನಿಗೆ ಫೋನ್ ಮಾಡಿ, "ಅವ್ವ ಬತ್ತಾವ್ಳೆ" ಎಂದಳು. ಆ ಕಡೆಯಿಂದ ಬೈಗುಳ ಬರುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು. ನಾನು ನಾಲ್ಕು ಇಡ್ಲಿ ತಿಂದೆ.

ಆ ಶನಿವಾರ ಹೊರಟೆವು. ಸೀರೆ ಸುತ್ತಿಕೊಳ್ಳಲಿಲ್ಲ. ನಮ್ಮ ಮನೆಯ ಮುಂದೆಯೇ, ಬೀದಿಯವರೆಲ್ಲ ನೋಡುತ್ತಿರುವಾಗಲೇ ಹತ್ತಿದೆ. ಹೊರಡುವ ಹೊತ್ತಿಗೆ ಓರಗಿತ್ತಿ ನಿಪ್ಪಟ್ಟಿನ ಡಬ್ಬ ಹಿಡಿದುಕೊಂಡು ಓಡಿಬಂದಳು.

"ಜಾಗ ಇಲ್ಲ ಚಿಕ್ಕವ್ವ, ಚೀಲ ಬಿಗಿದಾಗೈತೆ" ಎಂದಳು ಮಗಳು.

"ಹಂಗಾರೆ ಇಲ್ಲೇ ತಿಂದು ಹೋಗಿ. ಹೊಟ್ಟೆಗೋದ್ರೆ ತೂಕ ಇಲ್ವಲ್ಲ."

ಬೈಕಿನ ಮೇಲೆ ಕೂತೇ ಇಬ್ಬರೂ ಎರಡೆರಡು ನಿಪ್ಪಟ್ಟು ತಿಂದೆವು. ಬೀದಿಯವರಿಗೂ ಒಂದೊಂದು ಸಿಕ್ಕಿತು.

ಒಂಬತ್ತು ದಿನದಲ್ಲಿ ಇದು ಬೇಕಿತ್ತು, ತರಲಿಲ್ಲ ಎಂದು ನನಗೆ ಅನ್ನಿಸಿದ್ದು ಒಂದೇ ಒಂದು ವಸ್ತು, ಸೂಜಿ ದಾರ. ಮಗಳ ಕೈಗವಸಿನ ಹೊಲಿಗೆ ಬಿಚ್ಚಿದಾಗ ಹೊಸಪೇಟೆಯಲ್ಲಿ ಕೊಂಡೆವು. ಸ್ವೆಟರು ಒಂದು ದಿನವೂ ಬೇಕಾಗಲಿಲ್ಲ. ಹುರಿಹಿಟ್ಟು ನಾಲ್ಕನೆಯ ದಿನಕ್ಕೇ ಮುಗಿಯಿತು. ಉಳಿದುಕೊಂಡ ಕಡೆಯೆಲ್ಲ ಸಂಜೆ ಕುರ್ತಾ ಒಗೆದು ಕಿಟಕಿಗೆ ಹರವುತ್ತಿದ್ದೆ, ಬೆಳಿಗ್ಗೆ ಒಣಗಿರುತ್ತಿತ್ತು. ನೀವೂ ದೊಡ್ಡವರಾದ ಮೇಲೆ ಹೀಗೆ ಹೊರಟರೆ, ಮಂಚದ ಮೇಲೆ ಬಿಟ್ಟು ಹೋದದ್ದಕ್ಕಾಗಿ ಚಿಂತೆ ಮಾಡಬೇಡಿ. ನಾನು ವಾಪಸ್ಸು ಬಂದಾಗ ಅದೆಲ್ಲ ಅಲ್ಲೇ ಇತ್ತು.

ಬೀದರಿನ ಕೋಟೆ ದೊಡ್ಡದು, ಅದರ ಚಿತ್ರಗಳನ್ನು ನಿಮ್ಮ ಚಿಕ್ಕಮ್ಮನ ಫೋನಿನಲ್ಲಿ ನೋಡಿದ್ದೀರಿ. ನನಗೆ ಹೆಚ್ಚು ನೆನಪಿರುವುದು ಅದಲ್ಲ, ಮೊದಲ ದಿನ ಮಧ್ಯಾಹ್ನ ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೋಗುವಾಗಿನ ರಸ್ತೆ. ಎರಡೂ ಕಡೆ ಬಯಲು. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು. ಬೈಕು ನೆಟ್ಟಗೆ ಓಡುತ್ತಿತ್ತು. ಆಗ ನನಗೆ ನನ್ನ ಕೈಗಳು ಏನೋ ಹುಡುಕುತ್ತಿವೆ ಎನ್ನಿಸಿತು. ಬಸ್ಸಿನಲ್ಲಿ ಎಲ್ಲಿಗೆ ಹೋದರೂ ನನ್ನ ತೊಡೆಯ ಮೇಲೆ ಒಂದು ಚೀಲ ಇರುತ್ತಿತ್ತು, ಇಲ್ಲವೇ ಒಂದು ಮಗು, ಇಲ್ಲವೇ ಇನ್ನೊಬ್ಬರ ಚೀಲ. ಈಗ ತೊಡೆಯ ಮೇಲೆ ಏನೂ ಇರಲಿಲ್ಲ. ಹಿಡಿದುಕೊಳ್ಳುವ ಕಂಬಿಯಿಂದ ಎರಡೂ ಕೈ ತೆಗೆದು ಮೊಣಕಾಲ ಮೇಲೆ ಅಂಗೈ ಮೇಲಾಗಿ ಇಟ್ಟುಕೊಂಡೆ. ಗಾಳಿ ಬೆರಳ ಸಂದಿಯಲ್ಲಿ ಹಾದುಹೋಗುತ್ತಿತ್ತು.

ಮಗಳು ಕನ್ನಡಿಯಲ್ಲಿ ನೋಡಿದಳು.

"ಅವ್ವ, ಹಿಡ್ಕೊ."

"ಹಿಡ್ಕತೀನಿ" ಎಂದೆ. "ಒಸಿ ತಡಿ."